ಹಣ್ಣಿನ ಕಾಲದ ಕಪ್ಪು

"ಕಪ್ಪು ಅಂದ್ರೆ ಎಂಥಾ ಕಪ್ಪು?" ಆರ್ಡಿತ್ ಕೇಳಿದಳು.

ಕಾಫಿ ಬಗ್ಗಿಸುತ್ತಿದ್ದ ಕಾರ್ಲೀನಳ ಎಡಗೈ ಹಾಗೇ ನಿಂತಿತು. "ಬೆಳಿಗ್ಗೆ ಎದ್ದು ಇಷ್ಟು ದೂರ ಗಾಡಿ ಓಡಿಸ್ಕೊಂಡು ಬಂದಿದ್ದು ನನ್ನ ಗಂಡ ಕಕ್ಕಸ್ಸಿಗೆ ಹೋದ ಬಣ್ಣ ಕೇಳೋಕಾ?"

"ಹೌದು."

"ನಾಚ್ಕೆ ಆಗಲ್ವಾ ನಿಮ್ಗೆ?"

"ಇಪ್ಪತ್ತಾರು ವರ್ಷ ಅವನ ಬಟ್ಟೆ ಒಗ್ದಿದೀನಿ, ಕಾರ್ಲೀನ್. ಇದ್ದಬದ್ದ ನಾಚ್ಕೆ ಎಲ್ಲ ಆ ನೀರಲ್ಲೇ ಹೋಯ್ತು."

ನನ್ನ ಗಂಡ. ಆ ಮಾತನ್ನು ಕಾರ್ಲೀನ್ ಒತ್ತಿ ಹೇಳಿರಲಿಲ್ಲ. ಒತ್ತಿ ಹೇಳಿದ್ದರೆ ಚೆನ್ನಾಗಿತ್ತು. ಜಗಳಕ್ಕೆ ಬಂದಳು ಅಂದುಕೊಳ್ಳಬಹುದಿತ್ತು. ನನ್ನ ಚಪ್ಪಲಿ, ನನ್ನ ಚಮಚ ಅನ್ನುವಷ್ಟು ಸಲೀಸಾಗಿ ಅಂದಿದ್ದಳು. ಅದೇ ಆರ್ಡಿತ್‌ಗೆ ಚುಚ್ಚಿತು.

ಆ ಗಂಡ, ಎಲ್ವುಡ್ ಡಾರ್, ಮೂರು ದಿನದ ಹಿಂದೆ ತನ್ನ ಶೆಡ್ಡಿನಲ್ಲಿ, ಬ್ಲೂಬೆರಿ ತೂಗುವ ತಕ್ಕಡಿಯ ಪಕ್ಕದಲ್ಲೇ ಕುಸಿದು ಬಿದ್ದಿದ್ದ. ಹೊಟ್ಟೆಯೊಳಗೊಂದು ಹುಣ್ಣು ಬಾಯಿಬಿಟ್ಟು, ಯಾರಿಗೂ ತಿಳಿಯದ ಹಾಗೆ ರಕ್ತ ಸೋರುತ್ತಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಡಾಕ್ಟರಮ್ಮ ಆರ್ಡಿತ್‌ಳನ್ನು ಪಕ್ಕಕ್ಕೆ ಕರೆದು ಕೇಳಿದ್ದರು: "ನೀವು ಹಳೇ ಹೆಂಡ್ತಿ ಅಲ್ವಾ? ಅವರ ಹೊಟ್ಟೆಯ ಹಿಂದಿನ ಕತೆ ನಿಮಗೆ ಗೊತ್ತಿರಬೇಕು. ರಕ್ತದಲ್ಲಿ ಆಸ್ಪಿರಿನ್ ಕುಲದ ಔಷಧಿ ವಿಪರೀತ ಇದೆ. ಅವರೋ, ಒಂದು ಮಾತ್ರೆನೂ ನುಂಗಿಲ್ಲ ಅಂತಾರೆ. ಮೈಕೈ ನೋವಿಗೆ ಎಣ್ಣೆ ಏನಾದ್ರೂ ಹಚ್ಕೊಳ್ತಾರಾ? ಅದೂ ಆಸ್ಪಿರಿನ್ನಿನ ದಾಯಾದಿನೇ. ಎಲ್ಲಿಂದ ಬರ್ತಿದೆ ಅಂತ ಪತ್ತೆ ಆಗದಿದ್ರೆ ಮತ್ತೆ ಸೋರತ್ತೆ. ಇನ್ನೊಂದು ಸಲ ಸೋರಿದ್ರೆ ನಾನು ಮಾತು ಕೊಡಲ್ಲ."

ಎಲ್ವುಡ್ ಹಲ್ಲಿನ ಮೊರ ಹಿಡಿದು, ಬೆನ್ನು ಬಗ್ಗಿಸಿ ಕುಳ್ಳು ಗಿಡಗಳಿಂದ ಹಣ್ಣು ಬಾಚುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಎಣ್ಣೆ ಹಚ್ಚಿಕೊಳ್ಳುವ ಪ್ರಮೇಯವೇ ಇರಲಿಲ್ಲ.

ಆರ್ಡಿತ್ ಶೆರಿಫ್ ಕಚೇರಿಯಲ್ಲಿ ಪತ್ತೇದಾರಳಾಗಿದ್ದಾಗ ಅವಳ ಕೈಕೆಳಗೇ ಕೆಲಸ ಕಲಿತ ಟ್ರಾಫ್ಟನ್ ಈಗ ಸಾರ್ಜೆಂಟ್. ಅವನು ಟೋಪಿ ತೆಗೆದು, ವಿನಯದಿಂದಲೇ ಅವಳನ್ನು ದೂರ ಇಟ್ಟಿದ್ದ. "ಮೇಡಂ, ನಿಮ್ಮಷ್ಟು ಚೆನ್ನಾಗಿ ಪತ್ತೆ ಮಾಡೋರು ಈ ಜಿಲ್ಲೇಲಿ ಇಲ್ಲ, ಒಪ್ತೀನಿ. ಆದ್ರೆ ಇದ್ರಲ್ಲಿ ನೀವು ಬಿಟ್ಟ ಹೆಂಡ್ತಿ. ಆ ಮನೆ ಕಡೆ ಹೋಗ್ಬೇಡಿ."

ಬಿಟ್ಟವಳಲ್ಲ, ಬಿಡಿಸಿಕೊಂಡವಳು ಎಂದು ತಿದ್ದಬೇಕೆನ್ನಿಸಿತ್ತು. ತಿದ್ದದೆ, ನೇರ ಆ ಮನೆ ಕಡೆಗೇ ಬಂದಿದ್ದಳು.

ಬರುವ ದಾರಿಯಲ್ಲಿ ಎಲ್ವುಡ್‌ನ ತಮ್ಮ ವೆಂಡಲ್, ಬಾಚುವವರಿಗೆ ಸಾಲು ಗುರುತು ಮಾಡಲು ಬಯಲಿನಲ್ಲಿ ಬಿಳಿ ದಾರ ಎಳೆಯುತ್ತಿದ್ದ. ಅಣ್ಣ ಆಸ್ಪತ್ರೆಯಲ್ಲಿದ್ದಾನೆಂದು ಹಣ್ಣು ಕಾಯುತ್ತದೆಯೇ? ಅವಳ ಗಾಡಿ ಕಂಡು, ದಾರದ ಉಂಡೆ ಹಿಡಿದಿದ್ದ ಎಡಗೈಯನ್ನೇ ಎತ್ತಿ ಬೀಸಿದ. ಆ ಮನೆತನದಲ್ಲಿ ಇವತ್ತಿಗೂ ಅವಳಿಗೆ ಕೈ ಬೀಸುವವನು ಅವನೊಬ್ಬ.

ಈಗ ಅವಳು ಕೂತಿದ್ದ ಅಡುಗೆಮನೆ ಒಂದು ಕಾಲಕ್ಕೆ ಅವಳದೇ. ಸಿಂಕಿನ ಪಕ್ಕದ ಡ್ರಾಯರು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಕೆಳಗಿನಿಂದ ಮೊಣಕಾಲು ಕೊಡಬೇಕು. ಕಾರ್ಲೀನ್ ಚಮಚ ತೆಗೆಯಲು ಹೋಗಿ, ನೋಡದೆ ಕೆಳಗಿನಿಂದ ಮೊಣಕಾಲು ಕೊಟ್ಟಳು. ಪರದೆ ಬದಲಾಗಿದ್ದನ್ನು ಆರ್ಡಿತ್ ಸಹಿಸಿಕೊಂಡಿದ್ದಳು. ಆ ಮೊಣಕಾಲನ್ನು ಸಹಿಸುವುದು ಕಷ್ಟವಾಯಿತು.

"ಹೇಳು. ಎಂಥಾ ಕಪ್ಪು?"

"ಹಣ್ಣಿನ ಕಪ್ಪು. ಇನ್ನೇನು?" ಕಾರ್ಲೀನ್ ಕುರ್ಚಿ ಎಳೆದು ಕೂತಳು. ಐದು ವರ್ಷದ ಹಿಂದೆ ಬಯಲಿನಲ್ಲಿ ಊಟದ ಗಾಡಿ ಇಟ್ಟುಕೊಂಡು ಬಂದಿದ್ದಾಗ ಅವಳು ಇನ್ನೂ ತೆಳ್ಳಗಿದ್ದಳು. ಈಗ ಕೆನ್ನೆ ತುಂಬಿ, ಮನೆಯೊಡತಿಯ ಮೈ ಬಂದಿತ್ತು. "ಆಗಸ್ಟ್ ತಿಂಗಳಲ್ಲಿ ಈ ಊರಲ್ಲಿ ಯಾರಿಗೆ ಕಪ್ಪಿಲ್ಲ ಹೇಳಿ? ಪಾದ್ರಿಗೂ ಕಪ್ಪೇ. ಎಲ್ವುಡ್ ಹತ್ತು ದಿನದಿಂದ ಹೇಳ್ತಾನೇ ಇದ್ದ, ನಗ್ತಾನೇ ಇದ್ದ. ಬಾಚೋ ತಿಂಗಳಲ್ಲಿ ಹಿಂದೆ ತಿರುಗಿ ನೋಡಬಾರದು ಅಂತ ನೀವೇ ಅಲ್ವಾ ಊರಿನವರು ಅನ್ನೋದು?"

ಆ ಮಾತು ಊರಿನದೇ. ಆರ್ಡಿತ್‌ಳ ಅಜ್ಜಿಯೂ ಅನ್ನುತ್ತಿದ್ದಳು. ಹೊಲದಲ್ಲಿ ತಿಂದು, ಮನೆಯಲ್ಲಿ ತಿಂದು, ಕಡುಬಿನಲ್ಲಿ ತಿಂದು, ನಾಲಿಗೆ ಹಲ್ಲು ಎಲ್ಲ ನೀಲಿಯಾಗುವ ತಿಂಗಳು. ಅಂಥ ತಿಂಗಳಲ್ಲಿ ಮೈ ತೋರಿಸುವ ಗುರುತನ್ನು ಯಾರು ನೋಡುತ್ತಾರೆ? ಬೇರೆ ಯಾವ ಊರಿನಲ್ಲಾದರೂ ಹೆಂಡತಿಯೊಬ್ಬಳು ಹೆದರಿ ಡಾಕ್ಟರಿಗೆ ಫೋನು ಮಾಡುತ್ತಿದ್ದಳು.

ಆದರೆ ಆರ್ಡಿತ್‌ಳ ಕೈಯಲ್ಲಿ ತುರುಫಿನ ಎಲೆ ಇತ್ತು. ದಾರಿಯುದ್ದಕ್ಕೂ ಅದನ್ನು ಬಾಯಲ್ಲಿ ಚಪ್ಪರಿಸಿಕೊಂಡೇ ಬಂದಿದ್ದಳು.

"ಎಲ್ವುಡ್ ಹಣ್ಣು ತಿನ್ನಲ್ಲ," ಎಂದಳು ನಿಧಾನವಾಗಿ.

ಕಾರ್ಲೀನ್ ಕಣ್ಣು ಮಿಟುಕಿಸಿದಳು.

"ಏಳು ವರ್ಷದ ಹುಡುಗ ಇದ್ದಾಗಿಂದ ಅವನಪ್ಪ ಅವನನ್ನ ಬಯಲಿಗೆ ಇಳಿಸ್ದ. ಮಧ್ಯಾಹ್ನದ ಊಟಕ್ಕೂ ಹಣ್ಣೇ ತಿನ್ನು ಅಂತಿದ್ದ. ಅವತ್ತಿಂದ ವಾಸನೆ ಕಂಡ್ರೆ ಆಗಲ್ಲ ಅವನಿಗೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಿಂದ ಒಂದು ತುಂಡು ಬ್ಲೂಬೆರಿ ಕಡುಬು ತಿಂದೋನಲ್ಲ. ಬಾಚೋನು ತಿನ್ನಲ್ಲ ಆರ್ಡಿತ್, ಮಾರ್ತಾನೆ ಅಂತಿದ್ದ. ನಿಂಗೆ ಗೊತ್ತಿರಲಿಲ್ವಾ? ಕಟ್ಕೊಂಡ ಗಂಡನ ಬಾಯಿಗೆ ಏನು ಸೇರತ್ತೆ, ಏನು ಸೇರಲ್ಲ ಅಂತ್ಲೂ?"

ಕಾರ್ಲೀನ್ ಕುರ್ಚಿ ಹಿಂದಕ್ಕೆ ತಳ್ಳಿದಳು. ಎದ್ದು, ಒಣಗಲು ಇಟ್ಟಿದ್ದ ಪಾತ್ರೆಗಳಿಂದ ಒಂದು ಬಿಳಿ ಪಿಂಗಾಣಿ ಬಟ್ಟಲು ತಂದು ಮೇಜಿನ ಮೇಲಿಟ್ಟಳು. ಬಟ್ಟಲಿನ ಒಳಗೆ, ಎಷ್ಟು ತೊಳೆದರೂ ಬಿಡದ ನೀಲಿ ಗೆರೆಯೊಂದು ಸುತ್ತ ಕೂತಿತ್ತು.

"ದಿನಾ ಬೆಳಿಗ್ಗೆ," ಎಂದಳು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ಆರ್ಡಿತ್ ತಡೆದುಕೊಳ್ಳುತ್ತಿದ್ದಳು. "ಕೆನೆ ಹಾಕ್ಕೊಂಡು. ನಾನು ಬಂದ ಮೊದಲ್ನೇ ವರ್ಷ, ಊಟದ ಗಾಡಿ ಹತ್ರ, ನೀವು ಬೆಳೆದಿದ್ದನ್ನ ನೀವೇ ತಿನ್ನಲ್ಲ ಅಂದ್ರೆ ನಾನು ಯಾಕೆ ತಿನ್ಲಿ ಅಂದೆ. ಒಂದು ಚಮಚ ಬಾಯಿಗಿಟ್ಟೆ. ಕಣ್ಣು ಮುಚ್ಕೊಂಡು ನುಂಗ್ದ. ಇನ್ನೊಂದು ಕೊಡು ಅಂದ. ಅಷ್ಟೇ."

ಬಯಲಿನ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಬಂದು ಹೋಯಿತು.

ಇಪ್ಪತ್ತಾರು ವರ್ಷ ಆರ್ಡಿತ್ ಅವನಿಗಾಗಿ ಸೇಬಿನ ಕಡುಬು ಮಾಡಿದ್ದಳು. ಬೇರೆಲ್ಲರಿಗೂ ಬ್ಲೂಬೆರಿ, ಅವನಿಗೆ ಮಾತ್ರ ಬೇರೆ. ಅವನ ಬೇಡವನ್ನು ಕಾಪಾಡುವುದೇ ಪ್ರೀತಿ ಅಂದುಕೊಂಡಿದ್ದಳು. ಬೇಡ ಅಂದವನ ಬಾಯಿಗೆ ಚಮಚ ಹಿಡಿಯಬಹುದು ಅನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ. ಈ ಬಟ್ಟಲನ್ನು ಎತ್ತಿ ಗೋಡೆಗೆ ಒಗೆದರೆ ಏನಾಗುತ್ತದೆ ಎಂದು ಒಂದು ಕ್ಷಣ ಯೋಚಿಸಿದಳು.

ಒಗೆಯಲಿಲ್ಲ. ಬೇರೆಯವರ ಅಡುಗೆಮನೆಗಳಲ್ಲಿ ಬೇರೆಯವರ ಗಂಡಂದಿರ ಬಗ್ಗೆ ಕೇಳಿ ಕೇಳಿ ಪಳಗಿದ ಇನ್ನೊಬ್ಬ ಆರ್ಡಿತ್ ಒಳಗಿದ್ದಳು. ಅವಳು ಹೇಳಿದಳು: ನಿನ್ನ ಸುಳಿವು ಬಿದ್ದುಹೋಯಿತು. ಬಿದ್ದದ್ದನ್ನು ಬಿಡು, ಮುಂದೆ ಕೇಳು.

"ಸರಿ. ತಿಂತಾನೆ. ಹಾಗಾದ್ರೆ ನೀನೂ ತಿಂತೀಯ ತಾನೆ?"

"ಅವನಿಗಿಂತ ಜಾಸ್ತಿ."

"ನಿಂದು ಎಂಥಾ ಕಪ್ಪು?"

"ಅಯ್ಯೋ ದೇವ್ರೇ!" ಕಾರ್ಲೀನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕೇಬಿಟ್ಟಳು. "ಟ್ರಾಫ್ಟನ್ ಕೂಡ ಇಷ್ಟು ಕೇಳ್ಲಿಲ್ಲ."

"ಅವನು ಗಂಡಸು. ಕೇಳಲ್ಲ. ಹೇಳು."

"ಹಸಿರುಗಪ್ಪು ಅನ್ನಿ. ನೀರು ಬಿಟ್ರೆ ಹೋಗತ್ತೆ. ಮುಗೀತಾ?"

"ಅವನದು?"

ನಗು ನಿಂತಿತು. ಕಾರ್ಲೀನ್ ಬಟ್ಟಲಿನ ನೀಲಿ ಗೆರೆಯ ಮೇಲೆ ಬೆರಳಾಡಿಸಿದಳು. ಉತ್ತರ ಬಾಯಿಗೆ ಬರುವ ಮೊದಲೇ ಅವಳ ಮುಖಕ್ಕೆ ಬಂದದ್ದನ್ನು ಆರ್ಡಿತ್ ಕಂಡಳು.

"ಅವನದು… ಅಂಟು. ರಸ್ತೆಗೆ ಹಾಕೋ ಟಾರ್ ಥರ ಹೊಳೀತಿತ್ತು. ನೀರಿಗೆ ಹೋಗ್ತಿರಲಿಲ್ಲ, ನಾನೇ ಬ್ರಷ್ ಹಾಕಿ ಉಜ್ತಿದ್ದೆ. ಮತ್ತೆ ವಾಸನೆ… ಬರೀ ಆ ವಾಸನೆ ಅಲ್ಲ. ಸತ್ತ ಇಲಿ ಗೋಡೆ ಒಳಗೆ ಸಿಕ್ಕೊಂಡಿದ್ರೆ ಬರತ್ತಲ್ಲ, ಹಂಗೆ. ಕಿಟಕಿ ತೆಗ್ದಿಟ್ಟು, ಏನೋ ಮಾರಾಯ ನೀನು ತಿಂದಿದ್ದು ಅಂತ ಬೈದೆ." ಅವಳ ದನಿ ಸಣ್ಣಗಾಯಿತು. "ಅದು ರಕ್ತಾನಾ?"

"ರಕ್ತ."

"ರಕ್ತ ಕೆಂಪಲ್ವಾ ಇರೋದು?"

"ಕೆಳಗಡೆ ಸುರಿದಿದ್ದು ಕೆಂಪು. ಹೊಟ್ಟೇಲಿ ಸುರಿದಿದ್ದು ಕರುಳೆಲ್ಲ ದಾಟಿ ಬರೋಷ್ಟರಲ್ಲಿ ಕಪ್ಪಾಗತ್ತೆ, ಅಂಟಾಗತ್ತೆ, ನಾರತ್ತೆ. ಡಾಕ್ಟರಮ್ಮ ಹೇಳಿದ್ರು. ಹಣ್ಣು ಬಣ್ಣ ಕೊಡತ್ತೆ, ಅಂಟು ಕೊಡಲ್ಲ. ಮುಖ ಬಿಳಿಚಿಕೊಂಡಿತ್ತಾ? ಮೆಟ್ಲು ಹತ್ತಿದ್ರೆ ಏದುಸಿರು?"

"ಬಿಸಿಲು ಅಂದ. ವಯಸ್ಸು ಅಂದ." ಕಾರ್ಲೀನ್ ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. "ಹತ್ತು ದಿನ. ಹತ್ತು ದಿನ ನನ್ನ ಕಣ್ಣೆದುರಿಗೇ ಇತ್ತು. ನಾನು ಉಜ್ಜಿ ಉಜ್ಜಿ ನೀರು ಬಿಟ್ಟೆ."

ಅಳುವ ಹೆಂಗಸರನ್ನು ಆರ್ಡಿತ್ ನಂಬುತ್ತಿರಲಿಲ್ಲ. ಅಳದಿರಲು ತುಟಿ ಕಚ್ಚುವವರನ್ನು ಅರ್ಧ ನಂಬುತ್ತಿದ್ದಳು. ಆದರೆ ಇವಳನ್ನು ನಂಬಲು ಅವಳಿಗೆ ಇಷ್ಟವೇ ಇರಲಿಲ್ಲ. ಇವಳೇ ಆಗಿರಬೇಕು. ಐದು ವರ್ಷದಿಂದ ಮನಸ್ಸಿನೊಳಗೆ ಅಪರಾಧಿಯಾಗಿ ಕೂತವಳು ಕಾನೂನಿನ ಕಣ್ಣಿಗೂ ಅಪರಾಧಿಯಾಗಿಬಿಟ್ಟರೆ ಎಷ್ಟು ನಿರಾಳ!

"ಆಸ್ಪಿರಿನ್ ಎಲ್ಲಿಟ್ಟಿದೀಯ?"

"ಏನಂದ್ರಿ?"

"ಕೇಳಿಸ್ತು ನಿಂಗೆ. ಅವನಿಗೆ ಊಟ ಹಾಕೋಳು ನೀನು. ಅವನಾದ್ಮೇಲೆ ಬಯಲು ಬರೋದು ನಿನ್ನ ಕೈಗೆ."

ಕಾರ್ಲೀನ್ ಎದ್ದು ನಿಂತಳು. "ಅದಕ್ಕಾ ಬಂದಿದ್ದು? ನನ್ನ ತಲೆನೋವಿಗೆ ಇದ್ದ ಒಂದೇ ಒಂದು ಬಾಟ್ಲಿನ ಟ್ರಾಫ್ಟನ್ ತಗೊಂಡು ಹೋದ. ಮುಚ್ಚಳದ ಸೀಲೂ ಒಡೆದಿರಲಿಲ್ಲ. ಬಯಲಂತೆ ಬಯಲು! ಅದನ್ನ ಕಂಪನಿಗೆ ಮಾರೋಣ ಅಂತ ವೆಂಡಲ್ ದಿನಾ ತಲೆ ತಿಂತಾನೆ, ಎಲ್ವುಡ್ ಬದುಕಿರೋ ತನಕ ಆಗಲ್ಲ ಅಂತಾನೆ, ಇಬ್ಬರ ಮಧ್ಯೆ ನಾನು ಬೇಯ್ತಾ ಇದೀನಿ. ನಂಗೆ ಆ ಕಲ್ಲು ಬಯಲು ತಗೊಂಡು ಏನು, ತಲೆ ಮೇಲೆ ಹೊತ್ಕೊಳ್ಲಾ? ಆಸ್ಪಿರಿನ್ ತಿಂದ್ರೆ ಯಾರಾದ್ರೂ ಸಾಯ್ತಾರಾ? ಬಾಚೋರೆಲ್ಲ ಸಂಜೆ ಆದ್ರೆ ಕಡ್ಲೆಕಾಯಿ ತಿಂದಂಗೆ ತಿಂತಾರೆ!"

"ಅವನ ಹೊಟ್ಟೆ ಬಾಚೋರ ಹೊಟ್ಟೆ ಅಲ್ಲ. ಅದು ನಿಂಗೆ ಗೊತ್ತು. ಹಳೇ ಹುಣ್ಣಿನ ವಿಷ್ಯ ಅವನು ನಿಂಗೆ ಹೇಳಿದಾನೆ."

"ಯಾವ ಹುಣ್ಣು?"

ಆರ್ಡಿತ್ ಅವಳ ಕಣ್ಣನ್ನು ನೋಡಿದಳು. ಸುಳ್ಳು ಹೇಳುವವರ ಕಣ್ಣು ಪ್ರಶ್ನೆ ಕೇಳಿದ ಮೇಲೂ ಕೇಳಿದವರ ಮೇಲೇ ಇರುತ್ತದೆ, ನಂಬಿದರೋ ಇಲ್ಲವೋ ಎಂದು ಕಾಯುತ್ತದೆ. ಕಾರ್ಲೀನಳ ಕಣ್ಣು ಆಗಲೇ ಅಡುಗೆಮನೆಯೆಲ್ಲ ಅಲೆಯುತ್ತಿತ್ತು. ಗಂಡ ಅಂದದ್ದು, ಅನ್ನದೆ ಬಿಟ್ಟದ್ದು ಎಲ್ಲವನ್ನೂ ಮೂಲೆಮೂಲೆಯಲ್ಲಿ ಹುಡುಕುತ್ತಿತ್ತು.

ಅವನು ಹೇಳಿಲ್ಲ!

ಎಂಥ ಸುಖ ಅದು. ನಾಚಿಕೆಗೆಟ್ಟ ಸುಖ. ಇಪ್ಪತ್ತು ವರ್ಷದ ಹಿಂದೆ ಎಲ್ವುಡ್ ಅದೇ ಶೆಡ್ಡಿನಲ್ಲಿ ರಕ್ತ ಕಾರಿಕೊಂಡಾಗ, ವೆಂಡಲ್ ತನ್ನ ಟ್ರಕ್ಕಿನಲ್ಲಿ ಹಾಕಿಕೊಂಡು ಓಡಿದ್ದ. ಆರ್ಡಿತ್ ಮಗಳು ಬೆಥನಿಯನ್ನು ತಬ್ಬಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಬೆನ್ನುನೋವಿಗೆ ಅವನು ನುಂಗುತ್ತಿದ್ದ ಆಸ್ಪಿರಿನ್ ಹೊಟ್ಟೆಯನ್ನು ತೂತು ಮಾಡಿತ್ತು. ಕಾಯಿಲೆಯವನು ಅಂತ ಗೊತ್ತಾದರೆ ಹಣ್ಣು ಕೊಳ್ಳುವವರು ಬೆಲೆ ಮುರಿಯುತ್ತಾರೆ, ಯಾರಿಗೂ ಹೇಳಬೇಡ ಎಂದಿದ್ದ. ಅವಳು ಹೇಳಲಿಲ್ಲ. ಅವತ್ತಿನಿಂದ ಈ ಮನೆಯ ಹೊಸಿಲು ದಾಟಿ ಒಂದು ಮಾತ್ರೆಯೂ ಬರಲು ಬಿಡಲಿಲ್ಲ. ಕಡುಬು ಹೋದರೆ ಹೋಗಲಿ. ಅವನ ಭಯ ಇನ್ನೂ ಅವಳದೇ ಆಗಿತ್ತು. ಕಾರ್ಲೀನಳಿಗೆ ಅವನು ಬಾಯಿ ಕೊಟ್ಟಿದ್ದ, ಭಯ ಕೊಟ್ಟಿರಲಿಲ್ಲ.

ಆ ಸುಖ ಬಹಳ ಹೊತ್ತು ನಿಲ್ಲಲಿಲ್ಲ. ಪಳಗಿದ ಆ ಇನ್ನೊಬ್ಬಳು ಒಳಗಿನಿಂದ ಕೇಳಿದಳು: ಸರಿಯಮ್ಮಾ, ಹಾಗಾದರೆ ಬೇರೆಯವರಿಗೆ ಏನೂ ಆಗದ ಮದ್ದು ಎಲ್ವುಡ್‌ನನ್ನು ಮಾತ್ರ ಕೊಲ್ಲುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಇವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ತಾನು. ಇನ್ನೊಬ್ಬಳು ಮಗಳು.

ಅಮ್ಮನ ಪರವಾಗಿ ಕಾರ್ಲೀನಳ ಮುಖಕ್ಕೆ ಬಾಗಿಲು ಹಾಕಿದ ಮಗಳು. ಮದುವೆಯ ದಿನ ಕಪ್ಪು ಬಟ್ಟೆ ಉಟ್ಟುಕೊಂಡು ಬಂದ ಮಗಳು. ಎರಡು ವರ್ಷ ಅಪ್ಪನ ಜೊತೆ ಮಾತು ಬಿಟ್ಟವಳು, ಈಚೆಗೆ ಇದ್ದಕ್ಕಿದ್ದ ಹಾಗೆ ಭಾನುವಾರ ಭಾನುವಾರ ಬಂದು ಹೋಗುತ್ತಿದ್ದಳು.

"ಕೂತ್ಕೋ," ಎಂದಳು ಆರ್ಡಿತ್. ತನ್ನ ದನಿ ತನಗೇ ಬೇರೆಯಾಗಿ ಕೇಳಿತು. "ಅವನು ತಿಂದು ನೀನು ತಿನ್ನದೇ ಇರೋದು ಏನಾದ್ರೂ ಇದ್ಯಾ ಈ ಮನೇಲಿ? ಯೋಚ್ನೆ ಮಾಡಿ ಹೇಳು."

"ಏನಿದೆ? ಒಂದೇ ತಟ್ಟೇಲಿ ತಿಂತೀವಿ ನಾವು." ಅದನ್ನೂ ಸಲೀಸಾಗಿಯೇ ಅಂದಳು. ಆಮೇಲೆ ತಲೆ ಎತ್ತಿದಳು. "ಮಿಠಾಯಿ ಒಂದು. ಆ ಚೆಕರ್‌ಬೆರಿ ಮಿಠಾಯಿ. ನನ್ನ ಬಾಯಿಗೆ ಅದು ಸೇರಲ್ಲ. ಬಾಚೋರು ಬೆನ್ನಿಗೆ ತಿಕ್ಕೊಳ್ಳೋ ಎಣ್ಣೆ ಕುಡ್ದಂಗೆ ಆಗತ್ತೆ. ಅವನು ಕುರ್ಚಿ ಪಕ್ಕದಲ್ಲೇ ಇಟ್ಕೊಂಡಿರ್ತಾನೆ, ಟಿ.ವಿ. ನೋಡ್ತಾ ಒಂದಾದ್ಮೇಲೆ ಒಂದು."

ಎಣ್ಣೆ ಎಂಬ ಮಾತು ಆರ್ಡಿತ್‌ಳ ಕಿವಿಯಲ್ಲಿ ನಿಂತಿತು. ಅದೂ ಆಸ್ಪಿರಿನ್ನಿನ ದಾಯಾದಿನೇ.

"ಯಾರು ತಂದಿದ್ದು?"

"ನಿಮ್ಮ ಮಗಳೇ. ಭಾನುವಾರ ಭಾನುವಾರ."

ಕಾರ್ಲೀನ್ ಒಳಗೆ ಹೋಗಿ ಡಬ್ಬಿಯೊಂದನ್ನು ತಂದಿಟ್ಟಳು. ಬಿಸ್ಕತ್ತಿನ ಹಳೆಯ ನೀಲಿ ತಗಡಿನ ಡಬ್ಬಿ. ಮೇಲೆ ಬಿಳಿ ದಾರ ಕಟ್ಟಿತ್ತು. ಬಯಲಿನಲ್ಲಿ ಸಾಲು ಗುರುತಿಸುವ ಅದೇ ದಾರ. "ಇದು ಕೊನೇದು. ಇನ್ನೂ ಬಿಚ್ಚೇ ಇಲ್ಲ, ಅಷ್ಟರಲ್ಲಿ ಅವನು ಬಿದ್ದ."

ಎರಡು ಕುಣಿಕೆ, ದಾರದ ಬಾಲ ಒಳಗೆ ಸಿಕ್ಕಿಸಿದ್ದು. ಆ ಗಂಟು ಆರ್ಡಿತ್‌ಳದು. ಕ್ರಿಸ್‌ಮಸ್ಸಿಗೆ ಯಾರಿಗೆ ಏನು ಕೊಟ್ಟರೂ ಬಯಲಿನ ಉಳಿದ ದಾರದಿಂದ ಹಾಗೆಯೇ ಕಟ್ಟುತ್ತಿದ್ದಳು. ರಿಬ್ಬನ್ನಿಗೆ ದುಡ್ಡು ಸುರಿಯಬೇಡವೆಂದು ಮಗಳಿಗೂ ಅದನ್ನೇ ಕಲಿಸಿದ್ದಳು. ಅವಳ ಬೆರಳು ತಾನಾಗಿ ದಾರಕ್ಕೆ ಹೋಯಿತು. ಬಾಲ ಎಂದಿನ ಕಡೆ ಸಿಗಲಿಲ್ಲ, ತಡಕಾಡಬೇಕಾಯಿತು. ಕಿರಿಕಿರಿಯಿಂದ ಎಳೆದು ಬಿಚ್ಚಿ, ಮುಚ್ಚಳ ತೆಗೆದಳು.

ಘಾಟು ಮೂಗಿಗೆ ಹೊಡೆಯಿತು.

ಬೆನ್ನಿಗೆ ತಿಕ್ಕುವ ನೋವಿನೆಣ್ಣೆ ತೆಗೆಯುವುದೂ ಚೆಕರ್‌ಬೆರಿ ಎಲೆಯಿಂದಲೇ, ಆದರೆ ಮಿಠಾಯಿಗೆ ಅದನ್ನು ಪರಿಮಳಕ್ಕಷ್ಟೇ ಸೋಕಿಸುವುದು. ಇಲ್ಲಿ ಸುಗ್ಗಿಯ ಸಂಜೆ ಬಾಚುವವರ ಗುಡಾರದೊಳಗೆ ಹೊಕ್ಕ ಹಾಗಾಯಿತು. ಒಂದನ್ನು ತೆಗೆದು ನಾಲಿಗೆಯ ತುದಿಗೆ ಸೋಕಿಸಿದಳು. ಉರಿ. ತಕ್ಷಣ ಸಿಂಕಿಗೆ ಉಗಿದು, ಬಾಯಿ ತೊಳೆದುಕೊಂಡಳು.

"ಏನಾಯ್ತು?" ಕಾರ್ಲೀನ್ ಹತ್ತಿರ ಬಂದಳು. "ಏನಿದೆ ಅದ್ರಲ್ಲಿ?"

"ಆಸ್ಪತ್ರೆಗೆ ಇದನ್ನ ಯಾರಾದ್ರೂ ತಗೊಂಡು ಹೋಗಿದಾರಾ?"

"ನಿನ್ನೆ ಅವನು ಬಾಯಿ ಸಪ್ಪೆ, ಮಿಠಾಯಿ ಬೇಕು ಅಂದ. ಇವತ್ತು ಬೆಥನಿ ತರ್ತೀನಿ ಅಂದಿದ್ಲು, ಅವಳ ಹತ್ರ ಇನ್ನೊಂದು ಡಬ್ಬಿ…"

ಆರ್ಡಿತ್ ಆಗಲೇ ಫೋನು ತೆಗೆದಿದ್ದಳು. ಕಾರ್ಲೀನ್ ಅವಳ ಮಣಿಕಟ್ಟು ಹಿಡಿದಳು. "ಸ್ಪೀಕರಿಗೆ ಹಾಕಿ. ಅವನು ನನ್ನ ಗಂಡ."

ಹಾಕಿದಳು. ಫೋನನ್ನು ಬಟ್ಟಲಿಗೂ ಡಬ್ಬಿಗೂ ನಡುವೆ ಇಟ್ಟಳು.

"ಹಲೋ ಅಮ್ಮಾ!" ಬೆಥನಿಯ ದನಿಯಲ್ಲಿ ನಗುವಿತ್ತು. "ಅಪ್ಪ ಇವತ್ತು ಚೆನ್ನಾಗಿದಾನೆ. ಸಾರು ಕುಡ್ದ. ನರ್ಸಿಗೆ ಬೈದ. ಈಗ ಬಾಯಲ್ಲಿ ಮಿಠಾಯಿ ಇಟ್ಕೊಂಡು…"

"ಉಗಿಸು."

"ಆಂ?"

"ಬಾಯಿಂದ ಉಗಿಸು ಅದನ್ನ! ಈಗ್ಲೇ! ಬೆರಳು ಹಾಕಿ ತೆಗಿ. ನರ್ಸನ್ನ ಕರಿ, ಡಬ್ಬಿ ಅವಳ ಕೈಗೆ ಕೊಡು, ಡಾಕ್ಟರಮ್ಮಂಗೆ ತೋರಿಸ್ಬೇಕು ಅನ್ನು. ಎಷ್ಟು ತಿಂದ?"

ಕುರ್ಚಿ ಸರಿದ ಸದ್ದು. ಗದ್ದಲ. ಎಲ್ವುಡ್‌ನ ಗೊಗ್ಗರು ದನಿ, "ಏನೇ ಇದು, ಬಿಡೇ!" ನರ್ಸನ್ನು ಕೂಗಿದ್ದು. ಕಾರ್ಲೀನಳ ಉಗುರು ಆರ್ಡಿತ್‌ಳ ಮಣಿಕಟ್ಟಿನೊಳಗೆ ಇಳಿಯುತ್ತಿತ್ತು. ಇಬ್ಬರೂ ಫೋನಿನ ಮೇಲೆ ಬಾಗಿದ್ದರು. ಒಬ್ಬಳ ಉಸಿರು ಇನ್ನೊಬ್ಬಳ ಕೆನ್ನೆಗೆ ತಾಗುತ್ತಿತ್ತು.

"ಉಗುಳ್ದ," ಬೆಥನಿ ಏದುಸಿರು ಬಿಟ್ಟಳು. "ಇದೇ ಮೊದಲ್ನೇದು, ಅರ್ಧ ಕೂಡ ಕರಗಿರಲಿಲ್ಲ. ನರ್ಸ್ ಡಬ್ಬಿ ತಗೊಂಡ್ರು. ಏನಮ್ಮಾ ಇದು? ಯಾಕೆ?"

ಕಾರ್ಲೀನ್ ಕೈ ಬಿಟ್ಟಳು. ಆರ್ಡಿತ್ ಕಣ್ಣು ಮುಚ್ಚಿಕೊಂಡಳು. ಮುಂದಿನ ಮಾತನ್ನು ಕೇಳದೆ ಎದ್ದು ಹೋಗಬಹುದಿತ್ತು. ಶೆರಿಫ್ ಕಚೇರಿಯಲ್ಲಿ ಎಷ್ಟು ತಾಯಂದಿರು ಅವಳೆದುರು ಕೂತು, ಕೇಳದೆಯೇ ಇದ್ದಿದ್ದರೆ ಎಂದು ಅತ್ತಿದ್ದರು.

"ಬೆಥನಿ, ಯಾಕೆ ಮಾಡ್ದೆ ಮಗಳೇ?"

"ಏನು ಮಾಡ್ದೆ?"

"ಈ ಮಿಠಾಯಿ."

"ನಾನಾ?" ಅಚ್ಚರಿಯ ದನಿ. ಆಮೇಲೆ ಮೆಲ್ಲಗೆ, ಪಕ್ಕದವರಿಗೆ ಕೇಳಿಸಬಾರದೆನ್ನುವ ಹಾಗೆ: "ಅಮ್ಮಾ, ನೀನೇ ತಾನೆ ಕಳಿಸ್ತಾ ಇರೋದು? ಶನಿವಾರ ಬೀನ್ಸ್ ಮಡಕೆ ಪಕ್ಕದಲ್ಲಿ ಇಡ್ತೀಯಲ್ಲ, ದಾರ ಕಟ್ಟಿ. ಅಪ್ಪನಿಗೆ ಅಲ್ದೆ ಇನ್ಯಾರಿಗೆ ಮಾಡ್ತಿದ್ದೆ ನೀನು ಚೆಕರ್‌ಬೆರಿ? ನಾನು ಕೇಳಿದ್ರೆ ನಿಂಗೆ ಮುಜುಗರ ಆಗತ್ತೆ ಅಂತ ಸುಮ್ನಿದ್ದೆ. ನಂಗೆ ಎಷ್ಟು ಖುಷಿ ಆಗಿತ್ತು ಗೊತ್ತಾ? ನೀವಿಬ್ರೂ ಮತ್ತೆ…"

ಶನಿವಾರ ಎಂದರೆ ಬೀನ್ಸ್. ಬೆಳಗಿನ ಜಾವವೇ ಬೇಯಿಸಿ, ಮಗಳ ಪಾಲಿನ ಮಡಕೆಯನ್ನು ಜಗಲಿಯ ಮೇಲಿಟ್ಟು, ಆರ್ಡಿತ್ ಚರ್ಚಿನ ಊಟದ ಅಡುಗೆಗೆ ಹೋಗಿಬಿಡುತ್ತಿದ್ದಳು. ಮಗಳು ಬಂದು ಒಯ್ಯುವ ತನಕ ಜಗಲಿಯ ಮೇಲೆ ಮಡಕೆಯೊಂದೇ. ಊರಿಗೆಲ್ಲ ಗೊತ್ತಿದ್ದ ರೂಢಿ.

ಅವಳು ಎಂದೂ ಅಲ್ಲಿ ಡಬ್ಬಿ ಇಟ್ಟಿರಲಿಲ್ಲ.

ಫೋನಿನೊಳಗೆ ಎಲ್ವುಡ್ ಕೂಗಿ ಹೇಳುತ್ತಿದ್ದ: "ಆರ್ಡಿತಾ ಅದು? ಮಿಠಾಯಿ ಈ ಸಲ ಖಾರ ಆಯ್ತು, ಆದ್ರೂ ಚೆನ್ನಾಗಿದೆ ಅಂತ ಹೇಳು. ಬಿಡದೆ ತಿಂತಿದೀನಿ ಅಂತ ಹೇಳು."

ನಾಲಿಗೆ ಉರಿಯುತ್ತ, ಹೊಟ್ಟೆ ಹರಿಯುತ್ತ ತಿಂದಿದ್ದ. ಕಾರ್ಲೀನಳಿಗೆ ಬೇಕೆಂದು ಹಣ್ಣು ತಿಂದ ಹಾಗೆ, ಆರ್ಡಿತ್ ಕಳಿಸಿದ್ದೆಂದು ಮಿಠಾಯಿ. ಆ ಗಳಿಗೆಯಲ್ಲಿ ಬರಬಾರದ ಸಂತೋಷವೊಂದು ಅವಳೊಳಗೆ ಉಕ್ಕಿತು. ಅದು ಮುಖದ ಮೇಲೂ ಬಂದಿರಬೇಕು.

ಏಕೆಂದರೆ ಕಾರ್ಲೀನ್ ಅದನ್ನು ನೋಡಿದ್ದಳು.

ಫೋನಿನ ಕರೆ ಕಡಿದದ್ದು ಅವಳೇ. ಡಬ್ಬಿಯನ್ನು ಏಪ್ರನ್ನಿನ ಅಂಚಿನಿಂದ ಹಿಡಿದು, ಮೇಜಿನ ಮೇಲೆ ತನ್ನ ಕಡೆಗೆ ಎಳೆದುಕೊಂಡಳು.

"ಇದನ್ನ ಇನ್ನು ಮುಟ್ಬೇಡ," ಎಂದಳು. "ಮುಟ್ಟಿದ್ದು ಸಾಕು."

"ಕಾರ್ಲೀನ್, ನಾನು ಇಟ್ಟಿದ್ದಲ್ಲ ಅದು."

"ನಿನ್ನ ಜಗಲಿ. ನಿನ್ನ ದಾರ. ನಿನ್ನ ಮಿಠಾಯಿ. ಅವನಿಗೆ ಹುಣ್ಣಿತ್ತು ಅಂತ ಗೊತ್ತಿದ್ದೋಳೂ ನೀನೇ, ಈಗ ತಾನೇ ನಿನ್ನ ಬಾಯಿಂದ ಕೇಳ್ದೆ. ನಾನು ಅವನ ಕಕ್ಕಸ್ಸು ತೊಳೀತಾ ಇರ್ಬೇಕಾದ್ರೆ ನೀನು ಅವನಿಗೆ ಗುಟ್ಟಲ್ಲಿ ಸಿಹಿ ಕಳಿಸ್ತಿದ್ದೆ!" ದನಿ ಒಡೆಯಿತು. ಅವಳನ್ನು ಹೆಚ್ಚು ಸುಟ್ಟದ್ದು ವಿಷವೋ ಸಿಹಿಯೋ ಆರ್ಡಿತ್‌ಗೆ ತಿಳಿಯಲಿಲ್ಲ. ಆ ಉರಿ ಮಾತ್ರ ಚೆನ್ನಾಗಿ ಗುರುತಿತ್ತು. ಐದು ವರ್ಷ ತನ್ನೊಳಗೇ ಇದ್ದದ್ದು, ಈಗ ಮೇಜಿನ ಆಚೆ ಹೋಗಿ ಕೂತಿತ್ತು.

"ಟ್ರಾಫ್ಟನ್‌ಗೆ ಫೋನು ಮಾಡ್ತೀನಿ," ಎಂದಳು ಕಾರ್ಲೀನ್. "ನೀನಾಗೇ ಹೇಳ್ತೀಯೋ, ನಾನು ಹೇಳ್ಲೋ?"

ಮುಚ್ಚಳದ ತುಂಬ, ಡಬ್ಬಿಯ ತುಂಬ ಆರ್ಡಿತ್‌ಳ ಬೆರಳಚ್ಚು. ಕೈಗವಸು ಇಲ್ಲದೆ ಏನನ್ನೂ ಮುಟ್ಟಬಾರದು ಎಂದು ಟ್ರಾಫ್ಟನ್‌ಗೆ ಕಲಿಸಿದವಳೇ ಅವಳು. ಪರೀಕ್ಷಿಸಲು ಬಂದವಳ ಹಾಗೆ ಅಲ್ಲ, ಸವತಿಯ ಮನೆಯಲ್ಲಿ ತನ್ನ ವಸ್ತು ಕಂಡವಳ ಹಾಗೆ ಬಾಚಿಕೊಂಡಿದ್ದಳು.

ಆಗ ಬೆರಳಿಗೆ ನೆನಪಾಯಿತು.

ಬಾಲ ಎಂದಿನ ಕಡೆ ಸಿಕ್ಕಿರಲಿಲ್ಲ. ಅವಳೂ ಬೆಥನಿಯೂ ಬಲಗೈಯಲ್ಲಿ ಕಟ್ಟುತ್ತಾರೆ. ಬಾಲ ಬಲಕ್ಕೆ ಒಳಗೆ ಹೋಗುತ್ತದೆ. ಇದು ಎಡಕ್ಕೆ ಹೋಗಿತ್ತು. ಕನ್ನಡಿಯಲ್ಲಿ ಕಂಡ ಹಾಗೆ. ಅವಳ ಗಂಟನ್ನು ನೋಡಿ ನೋಡಿ ಕಲಿತ ಯಾರೋ, ಎಡಗೈಯವರು, ಕಟ್ಟಿದ್ದರು. ಬೆಳಿಗ್ಗೆ ಬಯಲಿನಲ್ಲಿ ದಾರದ ಉಂಡೆ ಹಿಡಿದೇ ಬೀಸಿದ ವೆಂಡಲ್‌ನ ಕೈ ಕಣ್ಣ ಮುಂದೆ ಬಂತು.

"ಗಂಟು," ಎಂದಳು, "ಕಾರ್ಲೀನ್, ಆ ಗಂಟು…"

ಮೇಜಿನ ಮೇಲೆ ದಾರ ನೆಟ್ಟಗೆ, ಗಂಟಿಲ್ಲದೆ ಬಿದ್ದಿತ್ತು. ಬಿಚ್ಚಿದ್ದು ಅವಳೇ. ಅದು ಹೇಗೆ ಕಟ್ಟಿತ್ತು ಎಂದು ಹೇಳುವ ಸಾಕ್ಷಿ ಈಗ ಲೋಕದಲ್ಲಿ ಅವಳೊಬ್ಬಳೇ, ಅವಳ ಮಾತನ್ನು ಇನ್ನು ಯಾರೂ ನಂಬುವಂತಿರಲಿಲ್ಲ.

"ಯಾವ ಗಂಟು?" ಎಂದಳು ಕಾರ್ಲೀನ್, ಹುಣ್ಣಿನ ಬಗ್ಗೆ ಕೇಳಿದಷ್ಟೇ ಮುಗ್ಧವಾಗಿ. ಉತ್ತರಕ್ಕೆ ಕಾಯಲಿಲ್ಲ. ಆಗಲೇ ಶೆರಿಫ್ ಕಚೇರಿಯ ನಂಬರು ಒತ್ತುತ್ತಿದ್ದಳು.

ಎಡಗೈಯಲ್ಲಿ.